ಕೊಡೆ ಬಟ್ಟೆಯ ಚೀಲದೊಳಗೆ

ದೆವ್ವ, ಗಾಳಿ, ಶಕುನಗಳನ್ನು ನಾನು ನಂಬಿದವನಲ್ಲ. ಧೈರ್ಯವಂತ ಅಂತಲ್ಲ. ಹೆದರುವುದಕ್ಕೆ ನನಗೆ ನಿಜವಾದ ವಿಷಯಗಳೇ ಬೇಕಾದಷ್ಟಿದ್ದವು. ಬಂಗಾರಪೇಟೆಯಲ್ಲಿ ರೈಲು ಹತ್ತಿದ ಮೇಲೆ ಮನೆಗೆ ಬೀಗ ಹಾಕಿದ ನೆನಪೇ ಬರುವುದಿಲ್ಲ. ಎದೆಯ ಎಡಗಡೆ ಚುಚ್ಚಿದರೆ ಅದು ಗ್ಯಾಸೋ ಇನ್ನೇನೋ ಎಂದು ಅರ್ಧ ದಿನ ಹೋಗುತ್ತದೆ. ಇವುಗಳ ನಡುವೆ ದೆವ್ವಕ್ಕೆ ಕೊಡಲು ಪುರುಸೊತ್ತಿರಲಿಲ್ಲ. ಯಾರಾದರೂ ಇಂಥ ಕತೆ ಹೇಳಿದರೆ ಸರಿಯಾಗಿ ನಿದ್ದೆ ಮಾಡಿ ಎಂದು ಬುದ್ಧಿ ಹೇಳುತ್ತಿದ್ದೆ. ಈಗ ಹಾಗೆ ಹೇಳುವ ಅಧಿಕಾರ ಕಳೆದುಕೊಂಡಿದ್ದೇನೆ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಎಲ್ಲರ ಜೇಬಿನಲ್ಲೂ ಮೊಬೈಲ್ ಇರುವ ಈ ಕಾಲದಲ್ಲಿ ನಾನು ಫಿಲ್ಮ್ ಹಾಕುವ ಹಳೇ ಕ್ಯಾಮೆರಾದಲ್ಲಿ ಕಪ್ಪು-ಬಿಳುಪು ಫೋಟೋ ತೆಗೆಯುತ್ತೇನೆ. ಉಳ್ಳವರಿಗೆ ಒಪ್ಪುವ ಹುಚ್ಚು ಇದು, ಸೊಸೈಟಿ ಗುಮಾಸ್ತನಿಗಲ್ಲ. ಮುಚ್ಚಿಹೋಗುತ್ತಿದ್ದ ಸ್ಟುಡಿಯೋ ಒಂದರಿಂದ ಅವಧಿ ಮೀರಿದ ರೋಲುಗಳನ್ನು ತಂದು ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಕ್ಕ ಇಟ್ಟುಕೊಂಡಿದ್ದೇನೆ. ಒಂದು ರೋಲನ್ನು ಸಂಕ್ರಾಂತಿಗೆ ಹಾಕಿದರೆ ಗಣೇಶನ ಹಬ್ಬದವರೆಗೆ ಎಳೆಯುತ್ತೇನೆ. ಗುಂಡಿ ಒತ್ತುವ ಮುಂಚೆ ಇದು ಬೇಕಾ ಎಂದು ಯೋಚಿಸುವಷ್ಟರಲ್ಲಿ ಎದುರಿನ ಮನುಷ್ಯ ಎದ್ದು ಹೋಗಿರುತ್ತಾನೆ. ತೊಳೆಯುವುದೂ ಮನೆಯಲ್ಲೇ. ತೊಳೆಯುವ ಮೊದಲು ಫಿಲ್ಮನ್ನು ಪೂರ್ತಿ ಕತ್ತಲೆಯಲ್ಲಿ, ಬರೀ ಕೈಯ ಅಂದಾಜಿನಲ್ಲಿ, ಒಂದು ಪ್ಲಾಸ್ಟಿಕ್ ಚಕ್ರಕ್ಕೆ ಸುತ್ತಿ ಡಬ್ಬಿಯಲ್ಲಿಟ್ಟು ಮುಚ್ಚಬೇಕು. ಒಳಗೆ ಕೈ ತೂರಿಸಿ ಈ ಕೆಲಸ ಮಾಡಲೆಂದೇ ಸಿಗುವ ಕಪ್ಪು ಚೀಲ ಕೊಳ್ಳಲು ಮನಸ್ಸು ಬರದೆ, ಎರಡು ಹಳೇ ಕೊಡೆಗಳ ಬಟ್ಟೆ ಬಿಚ್ಚಿ, ಎರಡು ತೋಳು ಇಟ್ಟು ಜಿಪ್ ಹಾಕಿಕೊಡಲು ನಮ್ಮ ಬೀದಿಯ ಟೈಲರಿಗೆ ಕೊಟ್ಟೆ. ಅವನು ಅದನ್ನು ಎತ್ತಿ ಹಿಡಿದು, "ಏನ್ ಸಾರ್ ಇದು, ತಲೆ ಇಲ್ದಿರೋ ಮಗೂಗೆ ಜುಬ್ಬಾನಾ?" ಎಂದು ಕೇಳಿದ.

ಬೇತಮಂಗಲದ ಹತ್ತಿರದ ಹಳ್ಳಿಯಲ್ಲಿ ನನ್ನ ಅಕ್ಕ ಇದ್ದಾಳೆ. ಅವಳೂ ಭಾವನೂ ಎರಡು ಸೀಮೆಹಸು ಸಾಕಿಕೊಂಡು ಡೈರಿಗೆ ಹಾಲು ಹಾಕುತ್ತಾರೆ. ಅವಳು ಚಿಕ್ಕವಳಿದ್ದಾಗ ಸೀಮೆಎಣ್ಣೆ ಸ್ಟೌ ಸಿಡಿದು ಎಡಗೆನ್ನೆಯಿಂದ ಕುತ್ತಿಗೆವರೆಗೆ ಸುಟ್ಟಿತ್ತು. ಅಲ್ಲಿಂದಾಚೆಗೆ, ವೋಟರ್ ಕಾರ್ಡು ಬಿಟ್ಟರೆ, ಅವಳು ಯಾವ ಫೋಟೋದಲ್ಲೂ ಇಲ್ಲ. ಸ್ವಂತ ಮಗಳ ಮದುವೆಯ ಆಲ್ಬಮ್ಮಿನಲ್ಲಿ ಅವಳ ಸೀರೆಯ ಅಂಚು ಒಂದು ಕಡೆ ಕಾಣುತ್ತದೆ, ಅಷ್ಟೆ. ಅಂಥವಳು ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ, ಭಾವ ಹಾಲು ಹಾಕಲು ಹೋಗಿದ್ದಾಗ, ನನ್ನ ಕ್ಯಾಮೆರಾದ ಹಿಂಭಾಗ ತಿರುಗಿಸಿ ನೋಡಿದಳು. ಅಲ್ಲಿ ಏನೂ ಕಾಣುವುದಿಲ್ಲವೆಂದು ಖಾತ್ರಿಯಾದ ಮೇಲೆ ತನ್ನದೊಂದು ತೆಗೆ ಎಂದಳು.

"ಮೊಬೈಲಾಗೆ ತೆಗುದ್ರೆ ಎಲ್ರೂ ಎರಡು ಬೆಳ್ಳಾಗೆ ಎಳ್ದು ದೊಡ್ಡದು ಮಾಡ್ಕೊಂಡು ನೋಡ್ತಾರೆ ಕಣ್ಲಾ. ಇದ್ರಾಗೆ ನೀನು ನೋಡ್ತೀಯ, ನಾನು ನೋಡ್ತೀನಿ. ನಾಳೆ ನಾನು ಸತ್ತೋದ್ರೆ ಆ ವೋಟರ್ ಕಾರ್ಡಿಂದ್ನೇ ದೊಡ್ಡದು ಮಾಡ್ಸಿ ಆರ ಆಕ್ತಾರೆ. ಅದ್ರಾಗೆ ಕಳ್ಳಿ ಇದ್ದಂಗಿದೀನಿ."

ಕೊಟ್ಟಿಗೆಯ ಮುಂದೆ ಹಸು ನೀರು ಕುಡಿಯುವ ಬಾನಿಯ ಅಂಚಿಗೆ ಕೂತು ಸೆರಗು ಸರಿಸಿದಳು. ಸುಟ್ಟ ಕೆನ್ನೆಯನ್ನೇ ಬಿಸಿಲಿಗೆ ತಿರುಗಿಸಿದಳು. ಈ ಕಡೆ ಬೇಡವೇನೋ ಎಂದು ನಾನು ಗೊಣಗಿದ್ದಕ್ಕೆ ಇರೋದೇ ಬರಲಿ ಬಿಡು ಎಂದಳು. ರೋಲಿನ ಮೊದಲ ಭಾಗವನ್ನು ಕೋರಮಂಡಲ್‌ನ ಮುಚ್ಚಿದ ಗಣಿಯ ಹತ್ತಿರ ಆಡುಗಳ ಮೇಲೆ ಖರ್ಚು ಮಾಡಿದ್ದೆ. ಉಳಿದದ್ದನ್ನೆಲ್ಲ ಅವಳಿಗೇ ಒತ್ತಿದೆ. ಒಂದೇ ಮುಖಕ್ಕೆ ಅಷ್ಟು ಫಿಲ್ಮ್ ಕೊಟ್ಟದ್ದು ಅದೇ ಮೊದಲು.

ಮುಂದಿನ ಭಾನುವಾರ, ಊಟವಾದ ಮೇಲೆ, ನಡುಮನೆಯಲ್ಲಿ ಕೂತು ಚೀಲದೊಳಗೆ ಕೈ ಹಾಕಿದೆ. ಹೊರಗೆ ಸುಡುಬಿಸಿಲು. ಒಳಕೋಣೆಯಲ್ಲಿ ಹೆಂಡತಿ ಟೀವಿ ನೋಡುತ್ತಿದ್ದಳು. ಮೊದಲರ್ಧ ಸಲೀಸಾಗಿ ಸುತ್ತಿಕೊಂಡಿತು. ಆಮೇಲೆ ಫಿಲ್ಮ್ ಚಕ್ರದಲ್ಲಿ ಸಿಕ್ಕಿಕೊಂಡು ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಬೇಸಿಗೆಯಲ್ಲಿ ಕೈ ಬೆವತು ಹೀಗಾಗುವುದುಂಟು. ಒಂದು ಘಳಿಗೆ ಸುಮ್ಮನಿದ್ದರೆ ಸರಿಹೋಗುತ್ತದೆ. ನಾನು ಸುಮ್ಮನಿರುವ ಜಾತಿಯವನಲ್ಲ. ಅಕ್ಕನ ಫೋಟೋಗಳೆಲ್ಲ ಇನ್ನೂ ಹೊರಗಿರುವ ಭಾಗದಲ್ಲಿವೆ ಎಂಬ ಆತಂಕಕ್ಕೆ ಇನ್ನಷ್ಟು ಬೆವತೆ.

ಆಗ ನನ್ನ ಬಲಗೈಯ ಮೇಲೆ ಒಂದು ಕೈ ಬಂದು ಕೂತಿತು.

ಎಡಗೈಯಲ್ಲಿ ನಾನು ಚಕ್ರ ಹಿಡಿದಿದ್ದೆ, ಆದ್ದರಿಂದ ಅದು ನನ್ನದಲ್ಲ. ಬೆಚ್ಚಗಿತ್ತು, ಒಣಗಿತ್ತು. ಬೆರಳ ತುದಿ ಒರಟು. ಅವಸರವಿಲ್ಲದೆ ಬಂದು ನನ್ನ ಬೆರಳುಗಳ ಜೊತೆಗೇ ಫಿಲ್ಮಿನ ಅಂಚು ಹಿಡಿಯಿತು. ನನಗೆ ಮೊದಲು ಭಯವೇ ಆಗಲಿಲ್ಲ ಎಂದರೆ ನೀವು ನಗಬಹುದು. ಮನೆಯಲ್ಲಿ ಯಾರೋ ಕೈಜೋಡಿಸಿದಾಗ ಅನ್ನಿಸುವ ಹಾಗೆ, ಸದ್ಯ, ಅನ್ನಿಸಿತು. ಆಮೇಲೆ ಅದರ ಕೊನೆಯ ಎರಡು ಬೆರಳು ನನಗೆ ತಾಕಿದವು. ನಡುವೆ ಸಂದಿಲ್ಲ. ಎರಡೂ ಒಂದೇ ಆಗಿ ಕೂಡಿಕೊಂಡಿದ್ದವು.

ಅಕ್ಕನ ಮೈಮೇಲಿನ ಬೆಂಕಿಯನ್ನು ಅಂದು ಬರಿಗೈಯಲ್ಲಿ ಆರಿಸಿದವಳು ನಮ್ಮಮ್ಮ. ವಾಸಿಯಾಗುವಾಗ ಅವಳ ಬಲಗೈಯ ಆ ಎರಡು ಬೆರಳು ಅಂಟಿಕೊಂಡುಬಿಟ್ಟವು. ಆ ಕೈಯಲ್ಲಿ ತುತ್ತು ತಿಂದು ಬೆಳೆದವನು ನಾನು, ಕತ್ತಲೆಯಲ್ಲೂ ತಪ್ಪಲಾರೆ. ಅಮ್ಮ ತೀರಿಹೋಗಿ ಆಗಲೇ ಬಹಳ ಕಾಲವಾಗಿತ್ತು.

ಗುರುತು ಹತ್ತಿದ್ದೇ ತಡ, ಎರಡೂ ಕೈ ಕಿತ್ತುಕೊಂಡೆ. ಚೀಲ ತೊಡೆಯಿಂದ ಜಾರಿ ನೆಲಕ್ಕೆ ಬಿತ್ತು, ಜಿಪ್ ಬಾಯಿಬಿಟ್ಟಿತು. ಕಿಟಕಿಯ ಬಿಸಿಲಿನಲ್ಲಿ ಫಿಲ್ಮ್ ಹೊಳೆಯುತ್ತಾ ಸುರುಳಿ ಬಿಚ್ಚಿಕೊಂಡು ಹೊರಗೆ ಬಂತು. ಚೀಲದಲ್ಲಿ ಬೇರೇನೂ ಇರಲಿಲ್ಲ. ಶಬ್ದ ಕೇಳಿ ಬಂದ ಹೆಂಡತಿ, ಹಲ್ಲಿಯಾ ಎಂದು ಕೇಳಿದಳು. ಹೌದು ಎಂದೆ.

ಆದರೂ ತೊಳೆದೆ. ಚಕ್ರದ ಒಳಸುತ್ತಿನಲ್ಲಿದ್ದ ಕೋರಮಂಡಲ್‌ನ ಆಡುಗಳು ಗಡ್ಡದ ಕೂದಲು ಸಮೇತ ಚೆನ್ನಾಗಿ ಬಂದವು. ಅಲ್ಲಿಂದ ಮುಂದಕ್ಕೆ ಕೊನೆಯವರೆಗೆ ಬರೀ ಕಪ್ಪು.

ಬೆಳಕು ಬಿದ್ದು ಹಾಳಾಯಿತು ಅಕ್ಕ, ಎಂದು ಆ ಕಪ್ಪು ಫಿಲ್ಮನ್ನೇ ಒಯ್ದು ತೋರಿಸಿದೆ. ಅವಳು ಅದನ್ನು ಬಿಸಿಲಿಗೆ ಹಿಡಿದು ನೋಡಿ, ಆಡುಗಳನ್ನೂ ನೋಡಿ, ವಾಪಸು ಕೊಟ್ಟಳು. "ಆಡೆಲ್ಲ ಬಂದವೆ, ನಾನೊಬ್ಳೇ ಬಂದಿಲ್ವಾ? ಬಿಡ್ಲಾ. ಅಸಯ್ಯವಾಗಿ ಬಂದೈತೆ ಅಂತ ಏಳಾಕೆ ನಿಂಗೆ ಬಾಯಿ ಬರ್ಲಿಲ್ಲ." ಆಣೆ ಮಾಡಿದೆ, ಇನ್ನೊಂದು ರೋಲು ತಂದಿದ್ದೇನೆ ಬಾ ಎಂದೆ. ಹಸು ಕೂಗುತ್ತಿದೆ ಎಂದು ಎದ್ದು ಹೋದಳು. ಆಮೇಲೆ ಎಷ್ಟು ಸಲ ಕೇಳಿದರೂ ಕೂರಲಿಲ್ಲ. ನಾನು ಕ್ಯಾಮೆರಾ ತೆಗೆದರೆ ಸೆರಗು ತಾನಾಗಿ ಕೆನ್ನೆಗೆ ಬರುತ್ತದೆ.

ವಿವರಣೆಗಳನ್ನು ಹುಡುಕದೆ ಇರಲಿಲ್ಲ. ಕೈ ಜೋಮು ಹಿಡಿದಿರಬಹುದು ಎಂದು ಡಾಕ್ಟರ ಹತ್ತಿರ ಹೋದೆ. ಶುಗರ್ ಇದೆ ಎಂದರು. ಆ ಮಧ್ಯಾಹ್ನದಿಂದ ನನಗಾದ ಲಾಭ ಅದೊಂದೇ. ಜೋಮು ಹಿಡಿದ ಕೈಗೆ ಕೂಡಿದ ಬೆರಳು ಯಾಕೆ ತಾಕಬೇಕು ಎಂದು ಅವರನ್ನು ಕೇಳುವ ಧೈರ್ಯವಾಗಲಿಲ್ಲ.

ಕಳೆದ ಯುಗಾದಿಗೆ ಹೋದಾಗ ತಡೆಯಲಾರದೆ ಅಕ್ಕನಿಗೆ ಎಲ್ಲ ಹೇಳಿಬಿಟ್ಟೆ. ಹುಚ್ಚ ಅಂದರೂ ಸರಿ, ಸುಳ್ಳ ಅನ್ನುವುದು ಬೇಡ ಅನ್ನಿಸಿತ್ತು. ಅವಳು ನಗಲಿಲ್ಲ. ಒಬ್ಬಟ್ಟಿನ ಹಿಟ್ಟಿನ ಕೈಯಲ್ಲೇ ಕೂತು ಕೇಳಿದಳು. ಆಮೇಲೆ ಹೇಳಿದಳು, ಅವಳು ದೊಡ್ಡವಳಾಗುವವರೆಗೂ ಯಾರು ಫೋಟೋ ತೆಗೆಯಲು ಬಂದರೂ ಅಮ್ಮ ಓಡಿಬಂದು, ಅದೇ ಕೈಯಲ್ಲಿ, ಅಕ್ಕನ ಮುಖಕ್ಕೆ ತನ್ನ ಸೆರಗು ಎಳೆಯುತ್ತಿದ್ದಳಂತೆ.

"ಆ ಕೈ ಫಿಲ್ಮ್ನ ಒಳಕ್ಕೆ ತಳ್ತಿತ್ತೇನ್ಲಾ, ಇಲ್ಲ ಆಚೆಗೆ ಎಳೀತಿತ್ತಾ?"

ಗೊತ್ತಿಲ್ಲ ಎಂದೆ. ಗೊತ್ತಾಗುವ ಮುಂಚೆ ನಾನು ಕೈ ತೆಗೆದುಬಿಟ್ಟಿದ್ದೆ. ಅವಳು ನನ್ನ ಮುಖ ನೋಡಿದಳು, ಮತ್ತೆ ಹಿಟ್ಟು ತಟ್ಟತೊಡಗಿದಳು.

ಈಗಲೂ ಅದೇ ಚೀಲದಲ್ಲಿ ರೋಲು ಸುತ್ತುತ್ತೇನೆ. ಸುತ್ತಿ ಮುಗಿಸಿ ಡಬ್ಬಿಗೆ ಮುಚ್ಚಳ ಹಾಕಿದ ಮೇಲೂ ಕೈಯನ್ನು ಸ್ವಲ್ಪ ಹೊತ್ತು ಒಳಗೇ ಬಿಟ್ಟುಕೊಂಡು ಕೂತಿರುತ್ತೇನೆ. ನನ್ನ ಬೆವರು ಬಿಟ್ಟರೆ ಇದುವರೆಗೆ ಏನೂ ತಾಕಿಲ್ಲ.