ಕಂಪ್ಲಿಯ ಮುದ್ರೆ

ಸೋಮವಾರ ಬೆಳಗ್ಗೆ ಎಂಟಕ್ಕೆ ಸಂಡೂರು ಬಿಟ್ಟೆವು. ಬೈಕು ಕಾಲೇಜು ಗೆಳೆಯ ವೀರೇಶನದು, ಹಿಂದೆ ನಾನು. ಗಣಿಯ ಅದಿರು ಲಾರಿಗಳನ್ನು ತೂಗುವ ಕೆಲಸ ಅವನದು, ರಜೆ ಸಿಗುವುದೇ ಅಪರೂಪ. ಅಂದು ಅವನ ಜೇಬಿನಲ್ಲಿ ಒಂದು ಬಿಳಿ ಕಾರ್ಡಿತ್ತು. ಅದಕ್ಕೆ ಹಚ್ಚಿದ ಅಂಚೆಚೀಟಿಯಲ್ಲಿ ಹೊಳೆ ದಂಡೆಯ ಹಳೆಯ ಕೋಟೆ.

ಚೀಟಿಯನ್ನು ಅವನು ಯಾವುದೋ ಅರ್ಜಿಗೆಂದು ತಂದಿದ್ದ. ಹೆಂಡತಿ ಶಾಂತಾ ಹಚ್ಚಗೊಡಲಿಲ್ಲ. ಆಕೆ ಹುಟ್ಟಿದ್ದು ಕಂಪ್ಲಿ ಕೋಟೆಯೊಳಗೆ. "ನಮ್ಮ ಕೋಟಿ ಸ್ಟಾಂಪಿನ್ಯಾಗ ಬಂದೈತಿ. ನಿಮ್ಮೂರಾಗ ಧೂಳು ಬಿಟ್ರ ಏನೈತ್ರಿ?" ಎಂದು ವಾರವಿಡೀ ಛೇಡಿಸಿದಳು. ಇವನು ಕೆಳಗಿನ ಸಣ್ಣ ಇಂಗ್ಲಿಷ್ ಅಕ್ಷರ ಓದಿ, ಅದು ಉತ್ತರ ಭಾರತದ ಯಾವುದೋ ಕೋಟೆಯೆಂದು ನಕ್ಕುಬಿಟ್ಟ. ಆಕೆ ಚೀಟಿಯನ್ನು ಡಬ್ಬಿಯಲ್ಲಿಟ್ಟಳು. ನಕ್ಕದ್ದಕ್ಕೆ ಇವನಿಗೆ ಒಳಗೇ ಕೆಟ್ಟದೆನಿಸುತ್ತಿತ್ತು. ಅದಕ್ಕೇ ಆಕೆಗೆ ತಿಳಿಯದಂತೆ ಅದನ್ನು ಡಬ್ಬಿಯಿಂದ ತೆಗೆದು ಕಾರ್ಡಿಗೆ ಹಚ್ಚಿದ್ದ.

"ಆ ಹೆಸರಿನ ಮ್ಯಾಗ ಕಂಪ್ಲಿ ಸೀಲು ಹೊಡಸ್ತೀನಿ. ಆಮ್ಯಾಲೆ ಅದು ಯಾವ ಕೋಟಿ, ನೀನ ಹೇಳು ಲೇ?" ಎಂದು ನನ್ನನ್ನು ಕೇಳಿದ.

ಹೊಸಪೇಟೆವರೆಗೆ ಲಾರಿಗಳ ಸಾಲು. ಮೂವತ್ತು ಕಿಲೋಮೀಟರೂ ಇಲ್ಲದ ದಾರಿಗೆ ಒಂದೂವರೆ ತಾಸು ಹಿಡಿಯಿತು. ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿನ್ನಲು ಕೂತಾಗ ಹೋಟೆಲಿನವನು ಅದಿರಿನ ಧೂಳಿಗೆ ಕೆಂಪಾದ ನಮ್ಮ ಮುಖ ನೋಡಿ, "ಹೋಳಿ ಆಡಿ ಬಂದ್ರೇನ್ರಿ?" ಅಂದ. ಹಂಪಿಯ ಬಾಳೆತೋಟ, ಬುಕ್ಕಸಾಗರದ ಗದ್ದೆಗಳ ಹತ್ತಿರ ಗಾಳಿ ತಣ್ಣಗಾಯಿತು.

ಕಂಪ್ಲಿ ಅಂಚೆ ಕಚೇರಿಯ ಗುಮಾಸ್ತ ಕಾರ್ಡನ್ನು ತಿರುವಿ ನೋಡಿದ. "ಅಡ್ರೆಸ್ಸೇ ಇಲ್ಲಲ್ರಿ?"

"ಕೈಯಾಗ ಕೊಡೋದ್ರಿ ಸರ್. ಹೆಂಡ್ತಿಗೆ. ಸ್ವಲ್ಪ ಕೆಳಗ ಹೊಡೀರಿ, ಹೆಸರು ಮುಚ್ಚಲಿ."

ಗುಮಾಸ್ತ ನಕ್ಕು, ಮುದ್ರೆಯನ್ನು ಅಳೆದು ಹೊಡೆದ. ಆಮೇಲೆ ಕೋಟೆಗೆ ಹೋದೆವು. ವೀರೇಶ ತುಂಗಭದ್ರೆಯಲ್ಲಿ ಮುಖ ತೊಳೆದ. ಎಷ್ಟೋ ದಿನದ ಮೇಲೆ ಅವನ ನಿಜವಾದ ಮೈಬಣ್ಣ ನೋಡಿದೆ. ಕಾರ್ಡು ಒದ್ದೆಯಾಗದಿರಲೆಂದು ನನ್ನ ಕೈಗೆ ಕೊಟ್ಟಿದ್ದ. ನಾನದನ್ನು ನನ್ನ ಚೀಲಕ್ಕೆ ಹಾಕಿಕೊಂಡೆ.

ಸಂಜೆ ನಾಲ್ಕರ ಸುಮಾರಿಗೆ, ಸಂಡೂರಿಗೆ ಇನ್ನು ಎಂಟು ಕಿಲೋಮೀಟರು. ಮುಂದಿದ್ದ ಲಾರಿಯ ತಾಡಪತ್ರಿ ಪಟಪಟ ಬಡಿಯುತ್ತಿತ್ತು. ಧೂಳು ಒಂದು ಗಳಿಗೆ ತಿಳಿಯಾಯಿತು. "ದಾರಿ ಐತಿ, ಹೋಗು ಲೇ" ಎಂದವನು ನಾನು. ಅವನು ಹೋದ. ಧೂಳಿನೊಳಗಿಂದ ಎದುರಿನ ಲಾರಿಯ ಮುಖ ಬಂತು. ನಾನು ಮುಳ್ಳುಕಂಟಿಯಲ್ಲಿ ಬಿದ್ದಿದ್ದೆ. ಎದ್ದು ಕರೆದೆ. ವೀರೇಶನ ಉಸಿರು ಆಗಲೇ ನಿಂತಿತ್ತು. ಈಗಲೂ ಲಾರಿಯ ಹಾರನ್ ಕೇಳಿದರೆ ನನ್ನ ಕೈ ಮುಂದಿನ ಹೆಗಲನ್ನು ಹುಡುಕುತ್ತದೆ.

ಹದಿನೈದು ದಿನದ ಮೇಲೆ ಕಾರ್ಡು ಹಿಡಿದು ಅವರ ಮನೆಗೆ ಹೋದೆ. ಆ ಮುದ್ರೆ ಯಾಕೆ, ಹೇಗೆ ಬಿತ್ತೆಂದು ಹೇಳಿದೆ. ಶಾಂತಾ ಬೆಳಕಿಗೆ ಹಿಡಿದು ನೋಡಿದಳು. "ಹೆಸರು ಒಂದೀಟೂ ಕಾಣಂಗಿಲ್ಲ ನೋಡ್ರಣ್ಣಾ. ನಮ್ಮ ಕೋಟೀನ ಆತು."

"ಹೋಗು ಅಂದವನು ನಾನವ್ವಾ," ಎಂದೆ.

ಮುದ್ರೆಯ ನಡುವೆ ಆ ಸೋಮವಾರದ ತಾರೀಖು ಸ್ಪಷ್ಟವಾಗಿ ಮೂಡಿತ್ತು. ಆಕೆ ಅದರ ಮೇಲೆ ಹೆಬ್ಬೆರಳಿಟ್ಟಳು. ನಾನು ಎದ್ದು ಬರುವವರೆಗೂ ತೆಗೆಯಲಿಲ್ಲ.