ಚಿಕ್ಕಮ್ಮ ಕಾರ್ಡು ಕಿತ್ತುಕೊಂಡದ್ದು

ನಮ್ಮ ಚಿಕ್ಕಮ್ಮ ಪರದೇಶದಲ್ಲಿ ಒಬ್ಬ ಗಂಡಸಿನ ಹೆಗಲ ಮೂಳೆ ಮುರಿದು ಜೈಲು ಸೇರಿದಳು ಎಂಬ ಸುದ್ದಿ ಬಂದಾಗ ಮನೆಯಲ್ಲಿ ಯಾರೂ ಅಷ್ಟೇನೂ ಬೆಚ್ಚಿಬೀಳಲಿಲ್ಲ. ಅಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಬರೀ ಮೂಳೆ ತಾನೇ? ಜೀವ ಇದೆ ತಾನೇ ಅವನಿಗೆ?"

ಅಮ್ಮನಿಗೆ ತನ್ನ ತಂಗಿಯ ಕೈಗುಣ ಗೊತ್ತಿತ್ತು. ಮದುವೆಗೂ ಮುಂಚೆ, ನೀರಿಗೆ ಸಾಲು ನಿಂತಿದ್ದಾಗ ಹಿಂದಿನಿಂದ ಸೊಂಟಕ್ಕೆ ಕೈ ಹಾಕಿದವನೊಬ್ಬನ ಕಿವಿಯ ತುದಿಯನ್ನು ಚಿಕ್ಕಮ್ಮ ಕಚ್ಚಿ ಉಗುಳಿದ್ದಳು. ಅಂದಿನಿಂದ ಬೀದಿಗೆಲ್ಲ ಅವಳು ಕಿವಿಕಚ್ಚಿ. ಚಿಕ್ಕಪ್ಪ ಬದುಕಿರುವವರೆಗೂ ತಡವಾಗಿ ಮನೆಗೆ ಬಂದರೆ ಎರಡೂ ಕಿವಿ ಮುಚ್ಚಿಕೊಂಡೇ ಹೊಸ್ತಿಲು ದಾಟುತ್ತಿದ್ದ. ಅವನು ಕಾಯಿಲೆಯಿಂದ ಹೋದ ಮೇಲೆ ಅವಳು ಒಂದು ದೊಡ್ಡ ಹೋಟೆಲಿನ ಲಾಂಡ್ರಿ ಸೇರಿದಳು. ಯಂತ್ರದಲ್ಲಿ ಒಗೆಯುವುದು, ಹಿಂಡುವುದು, ಇಸ್ತ್ರಿ ಮಾಡುವುದು ಎಲ್ಲ ಅಲ್ಲೇ ಕಲಿತಳು. ಹೊರದೇಶದ ಲಾಂಡ್ರಿಗೆ ಹೆಂಗಸರು ಬೇಕು ಎಂದು ಏಜೆಂಟ್ ಬಂದಾಗ ಮೊದಲು ಹೆಸರು ಕೊಟ್ಟವಳು ಅವಳು. ಎರಡನೆಯವಳು ಅವಳ ಓರಗಿತ್ತಿ.

ಓರಗಿತ್ತಿ ಎಂದರೆ ಚಿಕ್ಕಪ್ಪನ ತಮ್ಮನ ಹೆಂಡತಿ. ಗೋಡೆಗೆ ಗೋಡೆ ತಾಗಿದ ಮನೆ, ಆದರೆ ಬಟ್ಟೆ ಒಣಗಿಸುವ ಹಗ್ಗದ ಜಗಳಕ್ಕೆ ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ವಿಮಾನದಲ್ಲಿ ಅಕ್ಕಪಕ್ಕದ ಸೀಟು ಸಿಕ್ಕಿತು. ಮೇಲೇರುತ್ತಿದ್ದಂತೆ ಓರಗಿತ್ತಿ ಚಿಕ್ಕಮ್ಮನ ಮಡಿಲಿಗೇ ವಾಂತಿ ಮಾಡಿಕೊಂಡಳು. "ಬಾಯಿ ಬಿಟ್ಟೆಯಲ್ಲ, ಅಷ್ಟು ಸಾಕು ಬಿಡು," ಎಂದಳು ಚಿಕ್ಕಮ್ಮ. ಹಾಗೆ ರಾಜಿಯಾಯಿತು.

ಆ ಲಾಂಡ್ರಿ ಊರಾಚೆಯ ಒಂದು ತಗಡಿನ ಶೆಡ್ಡು. ಆಸ್ಪತ್ರೆಗಳ ಬಟ್ಟೆ ಒಗೆಯುವುದು ಅಲ್ಲಿಯ ಕೆಲಸ. ಲಾರಿಯಿಂದ ಗಂಟುಗಂಟಾಗಿ ಇಳಿಯುತ್ತಿದ್ದ ಹೊದಿಕೆಗಳಲ್ಲಿ ರಕ್ತ, ಕೀವು, ಕೆಲವೊಮ್ಮೆ ಮರೆತುಹೋದ ಕತ್ತರಿ. ಒಗೆದದ್ದನ್ನು ಇಬ್ಬರಿಬ್ಬರು ತುದಿ ಹಿಡಿದು ಕಾದ ಉರುಳೆಗಳ ನಡುವೆ ತೂರಿಸಬೇಕು. ಆಚೆ ಬದಿಯಿಂದ ಗರಿಗರಿಯಾಗಿ ಬರುತ್ತದೆ. ಕೈ ಹತ್ತಿರ ಬಂದರೆ ಯಂತ್ರ ನಿಲ್ಲಿಸಲೆಂದು ಉರುಳೆಯ ಮುಂದೆ ಒಂದು ತಡೆಪಟ್ಟಿ ಇತ್ತು. ಕೆಲಸ ನಿಧಾನವಾಗುತ್ತದೆಂದು ಅದನ್ನು ತಂತಿಯಿಂದ ಮೇಲಕ್ಕೆ ಕಟ್ಟಿಬಿಟ್ಟಿದ್ದರು.

ಕಟ್ಟಿಸಿದವನು ಮೇಲ್ವಿಚಾರಕ. ನಮ್ಮ ಭಾಷೆಯವನೇ. "ಸಾರ್ ಗೀರ್ ಎಲ್ಲ ಬೇಡಮ್ಮ, ಭಾವ ಅನ್ನಿ," ಎಂದು ಹೆಂಗಸರಿಗೆಲ್ಲ ಹೇಳಿಕೊಟ್ಟಿದ್ದ. ಬಂದ ಹೊಸದರಲ್ಲಿ ತಾನೇ ಬ್ಯಾಂಕಿಗೆ ಕರೆದೊಯ್ದು ಒಬ್ಬೊಬ್ಬರ ಹೆಸರಿನಲ್ಲೂ ಖಾತೆ ತೆರೆಸಿದ. ಆರೋಗ್ಯ ವಿಮೆಯ ಕಾರ್ಡುಗಳು ಅಂಚೆಯಲ್ಲಿ ಬಂದಾಗ ಅವನ್ನೂ, ಬ್ಯಾಂಕಿನ ಕಾರ್ಡುಗಳನ್ನೂ ಸೇರಿಸಿ ಜೇಬಿಗಿಳಿಸಿದ. "ಇಲ್ಲಿ ಕಾರ್ಡ್ ಕಳ್ಕೊಂಡ್ರೆ ಮುಗೀತು ಕಥೆ. ನನ್ನ ಹತ್ರ ಭದ್ರವಾಗಿರುತ್ತೆ. ಗುಪ್ತಸಂಖ್ಯೇನೂ ನಾನೇ ಇಟ್ಟಿದೀನಿ, ನೀವು ತಲೆ ಕೆಡಿಸ್ಕೋಬೇಡಿ." ಸಂಬಳ ಬಂದ ದಿನ ಅವನೇ ಹಣ ತೆಗೆದು, ಬಾಡಿಗೆ, ಕರೆಂಟು, ತನ್ನ ಓಡಾಟ ಎಂದೆಲ್ಲ ಮುರಿದುಕೊಂಡು, ಉಳಿದದ್ದನ್ನು ಕೈಗೆ ಕೊಡುತ್ತಿದ್ದ. ಯಾಕಿಷ್ಟು ಕಡಿಮೆ ಎಂದು ಕೇಳಿದವರಿಗೆ ಉತ್ತರ ಕಬ್ಬಿಣದ ಸರಳು. ಯಂತ್ರದ ಹೊಟ್ಟೆಯಿಂದ ಒದ್ದೆ ಬಟ್ಟೆ ಎಳೆಯುವ ಸರಳು ಅದು. ಮೀನಖಂಡಕ್ಕೇ ಬೀಸುತ್ತಿದ್ದ; ಸಮವಸ್ತ್ರದ ಪ್ಯಾಂಟಿನೊಳಗೆ ಬಾಸುಂಡೆ ಕಾಣುವುದಿಲ್ಲವಲ್ಲ.

ಚಿಕ್ಕಮ್ಮ ಕೇಳಿದಳು. ಸರಳು ಬಿತ್ತು. ಎರಡನೆಯದು ಬೀಳುವ ಮುಂಚೆ ಅವನ ಮಣಿಕಟ್ಟು ತಿರುಚಿ, ಮೂತಿಗೆ ಗುದ್ದಿದಳು. ಭಾವ ತುಟಿಯ ರಕ್ತ ಒರೆಸಿಕೊಂಡು ನಕ್ಕು ಹೊರಟುಹೋದ.

ಆ ತಿಂಗಳು ಚಿಕ್ಕಮ್ಮನ ಜೊತೆ ಒಂದೇ ಕೋಣೆಯಲ್ಲಿದ್ದ ಹೆಂಗಸರು ಯಾರಿಗೂ ಹಣ ಕೊಡಲಿಲ್ಲ. "ನಿಮ್ಮ ಅಕ್ಕನ್ನ ಕೇಳಿ," ಎಂದು ಚಿಕ್ಕಮ್ಮನತ್ತ ಬೆರಳು ತೋರಿಸಿದ. ಡಬ್ಬಿಗಳು ಬರಿದಾದವು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡದೆ ಅನ್ನದ ಗಂಜಿ ಕುಡಿದರು. ಒಂದು ಮಧ್ಯಾಹ್ನ, ಪಾಳಿ ಮುಗಿಸಿ ಚಿಕ್ಕಮ್ಮ ಮಲಗಿದ್ದಾಗ, ತಲೆಯ ಮೇಲೆ ಕಂಬಳಿ ಬಿತ್ತು. ಎಲ್ಲರಿಗಿಂತ ಎತ್ತರದವಳು, ಎಲ್ಲರೂ ಉದ್ದಕ್ಕ ಎನ್ನುತ್ತಿದ್ದವಳು, ಕಾಲುಗಳ ಮೇಲೆ ಕೂತಳು. ಉಳಿದವರು ಮುಷ್ಟಿಯಿಂದ, ಚಪ್ಪಲಿಯಿಂದ, ಸೌಟಿನಿಂದ ಬಡಿದರು.

"ನಿನ್ನ ಪೌರುಷಕ್ಕೆ ನಮ್ಮ ಹೊಟ್ಟೆ ಮೇಲೆ ಯಾಕೆ ಹೊಡೀತೀಯಾ? ಹೇಳು, ಯಾಕೆ?" ಎಂದು ಉದ್ದಕ್ಕ ಅಳುತ್ತಲೇ ಕೂಗುತ್ತಿದ್ದಳಂತೆ.

ಓರಗಿತ್ತಿ ಹೊಡೆಯಲೂ ಇಲ್ಲ, ಬಿಡಿಸಲೂ ಇಲ್ಲ. ತನ್ನ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಕಂಬಳಿ ತೆಗೆದ ಮೇಲೆ ಅವಳೇ ಬಂದು ಚಿಕ್ಕಮ್ಮನ ಬಾಯಿಯ ರಕ್ತ ತೊಳೆದಳು. ಪಕ್ಕೆಲುಬು ಬಿರುಕು ಬಿಟ್ಟಿತ್ತು. ಡಾಕ್ಟರ ಹತ್ತಿರ ಹೋಗೋಣವೆಂದರೆ ಕಾರ್ಡು ಭಾವನ ಬಳಿ. ಹರಿದ ಹೊದಿಕೆಯನ್ನು ಎದೆಗೆ ಬಿಗಿಯಾಗಿ ಸುತ್ತಿಕೊಂಡು ಚಿಕ್ಕಮ್ಮ ಕೆಲಸಕ್ಕೆ ಹೋದಳು. ಆಮೇಲೆ ಬಹಳ ಕಾಲ ಅವಳು ಬಾಯಿ ತೆರೆಯಲಿಲ್ಲ. ಕೊಟ್ಟಷ್ಟು ತೆಗೆದುಕೊಂಡಳು. "ಅವನ ಸರಳಿಗೆ ನಾನು ಬಗ್ಗಿದ್ದಲ್ಲ, ಆ ಸೌಟಿಗೆ ಬಗ್ಗಿದೆ," ಎಂದು ಆಮೇಲೆ ಅಮ್ಮನಿಗೆ ಹೇಳಿದಳು.

ಉರುಳೆ ಹಿಡಿದದ್ದು ಓರಗಿತ್ತಿಯ ಬಲಗೈಯನ್ನು. ಮಡಿಕೆಯಾದ ಹೊದಿಕೆಯನ್ನು ನೇರಮಾಡಲು ಹೋಗಿದ್ದಳು. ಬಟ್ಟೆಯೊಂದಿಗೆ ಬೆರಳುಗಳೂ ಒಳಗೆ ಹೋದವು. ಅವಳ ಕೂಗು ಯಂತ್ರದ ಸದ್ದಿಗಿಂತ ಮೇಲಿತ್ತು. ಎದುರು ತುದಿ ಹಿಡಿದಿದ್ದ ಚಿಕ್ಕಮ್ಮ ಜಿಗಿದು ಕೆಂಪು ಗುಂಡಿ ಒತ್ತಿದಳು. ಉರುಳೆ ಬಿಡಿಸಿ ಕೈ ಹೊರಗೆಳೆದಾಗ ಅಂಗೈಯ ಚರ್ಮ ಹೊದಿಕೆಗೆ ಅಂಟಿಕೊಂಡೇ ಬಂತು. ಸುಟ್ಟ ಮಾಂಸದ ವಾಸನೆಗೆ ಇಬ್ಬರು ಅಲ್ಲೇ ಕುಸಿದರು.

ಭಾವ ಓಡಿಬಂದ. ಕೈಗೆ ದಿಂಬಿನ ಚೀಲ ಸುತ್ತಿ, ಕೋಣೆಗೆ ಕಳಿಸಿ, ನೋವಿನ ಮಾತ್ರೆ ತಂದುಕೊಟ್ಟ. ಆಸ್ಪತ್ರೆ ಎಂದರೆ ಕೇಳಲಿಲ್ಲ. "ನಿಮ್ಮ ವಿಮೆ ಇನ್ನೂ ಶುರುವಾಗಿಲ್ಲ. ದುಡ್ಡು ಕಟ್ಟೋಕಾಗದೆ ಇದ್ರೆ ಪೊಲೀಸ್‌ಗೆ ಕೊಡ್ತಾರೆ. ಎಲ್ರನ್ನೂ ಊರಿಗೆ ಅಟ್ತಾರೆ. ಒಬ್ಬಳ ಕೈಗೋಸ್ಕರ ಎಲ್ರ ಅನ್ನಕ್ಕೂ ಮಣ್ಣು ಹಾಕ್ತೀರಾ?"

ಹೆಂಗಸರು ಸುಮ್ಮನಾದರು. ಚಿಕ್ಕಮ್ಮನೂ ಸುಮ್ಮನಾದಳು. ಆದರೆ ಕೈ ಸುಮ್ಮನಿರಲಿಲ್ಲ. ಮೊಣಕೈವರೆಗೆ ಊದಿ, ಬೆರಳುಗಳು ಕಪ್ಪಾಗಿ, ದಿಂಬಿನ ಚೀಲ ಹಸಿರಾಯಿತು. ಜ್ವರದಲ್ಲಿ ಓರಗಿತ್ತಿ ಬಡಬಡಿಸತೊಡಗಿದಳು: "ಅಕ್ಕ, ಹಗ್ಗ ನಿನ್ನದೇ ತಗೋ. ನಂಗೆ ಬೇಡ. ನಿನ್ನದೇ ತಗೋ."

ಚಿಕ್ಕಮ್ಮ ಎದ್ದು ಶೆಡ್ಡಿಗೆ ಹೋದಳು. ಹಗಲು ಪಾಳಿ ನಡೆದಿತ್ತು.

"ಅವಳ ಕಾರ್ಡ್ ಕೊಡು."

"ಮೊದ್ಲು ಕೆಲಸಕ್ಕೆ ನಿಂತ್ಕೋ."

"ಕಾರ್ಡ್ ಕೊಡು ಅಂದೆ."

ಸರಳು ಅವಳ ಎಡ ಹೆಗಲಿಗೆ ಬಿತ್ತು. ಮತ್ತೆ ಬಿತ್ತು. ಅವಳ ಹಿಂದೆ ಆಗತಾನೇ ಯಂತ್ರದಿಂದ ತೆಗೆದ ಹೊದಿಕೆಗಳ ರಾಶಿ ಇತ್ತು. ಅವಳು ಅದರಿಂದ ಒಂದನ್ನು ಎಳೆದು, ಹಿಂಡುವಂತೆ ತಿರುಚಿ, ಎರಡೂ ಕೈಯಲ್ಲಿ ಹಿಡಿದು ಬೀಸಿದಳು. ನೀರು ಕುಡಿದು ತಿರುಚಿದ ಹೊದಿಕೆ ಒನಕೆಗೆ ಕಡಿಮೆಯಲ್ಲ. ಕಿವಿಯ ಕೆಳಗೆ ಬಿದ್ದ ಏಟಿಗೆ ಭಾವ ಮಗುಚಿಕೊಂಡ. ಸರಳು ದೂರ ಹಾರಿತು. ಅವನು ಕೈ ಊರಿ ಏಳಲು ನೋಡುತ್ತಿದ್ದಾಗ ಅವಳು ಕಾಲು ಅಗಲಿಸಿ ನಿಂತು, ತಲೆಯ ಮೇಲಿಂದ ಇನ್ನೊಂದು ಇಳಿಸಿದಳು. ಹೆಗಲ ಮೂಳೆ ಲಟಕ್ಕೆಂದದ್ದು ಯಂತ್ರಗಳ ಗದ್ದಲದಲ್ಲೂ ಕೇಳಿತಂತೆ.

ಮೊದಲು ಬಂದವಳು ಉದ್ದಕ್ಕ. ಬಂದವಳೇ ಅವನ ಕಾಲುಗಳ ಮೇಲೆ ಕೂತಳು. ಆಮೇಲೆ ಹೆಂಗಸರೆಲ್ಲ ಮುಗಿಬಿದ್ದರು. ಚಿಕ್ಕಮ್ಮ ಅವರನ್ನು ತಳ್ಳದೇ ಹೋಗಿದ್ದರೆ ಅವನು ಉಳಿಯುತ್ತಿರಲಿಲ್ಲ. "ಸಾಕು ಬಿಡ್ರೇ! ಸತ್ತರೆ ಬೀಗದ ಕೈ ಎಲ್ಲಿದೆ ಅಂತ ಯಾರನ್ನ ಕೇಳೋದು?" ಎಂದು ಕಿರುಚಿದಳು. ಬೀಗದ ಕೈ ಅವನ ಸೊಂಟದಲ್ಲಿತ್ತು. ಕಾರ್ಡುಗಳು ಅವನ ಮೇಜಿನ ಖಾನೆಯಲ್ಲಿ, ರಬ್ಬರ್‌ಬ್ಯಾಂಡ್ ಹಾಕಿ, ಇಸ್ಪೀಟಿನ ಎಲೆಗಳ ಹಾಗೆ.

ಬಟ್ಟೆ ಸಾಗಿಸುವ ಲಾರಿಯಲ್ಲೇ ಓರಗಿತ್ತಿಯನ್ನು ಆಸ್ಪತ್ರೆಗೆ ಹಾಕಿಕೊಂಡು ಹೋದರು. ಚಾಲಕ ಆ ದೇಶದವನು. ಮಾತು ಬರದಿದ್ದರೂ ಕೈ ನೋಡಿ ಕೆಂಪು ದೀಪಗಳನ್ನೆಲ್ಲ ಹಾರಿಸಿಕೊಂಡು ಓಡಿಸಿದ. ಸ್ಟ್ರೆಚರಿನ ಮೇಲಿದ್ದ ಹೊದಿಕೆ ಚಿಕ್ಕಮ್ಮನೇ ಇಸ್ತ್ರಿ ಮಾಡಿದ್ದು.

ಕೌಂಟರಿನವಳು ಕಾರ್ಡು ನೋಡಿ ಏನೋ ಒತ್ತಿ, ಫೋನಿನಲ್ಲಿ ನಮ್ಮ ಭಾಷೆ ಬಲ್ಲ ಹೆಂಗಸೊಬ್ಬಳನ್ನು ಹಿಡಿದುಕೊಟ್ಟಳು. ಆ ದನಿ ಮೃದುವಾಗಿ ಹೇಳಿತು: "ಅಮ್ಮಾ, ವಿಮೆ ನೀವು ಕೆಲಸಕ್ಕೆ ಸೇರಿದ ದಿನದಿಂದ್ಲೂ ಇದೆ. ನಿಮ್ಮ ಸಂಬಳದಲ್ಲೇ ಕಂತು ಹೋಗ್ತಿದೆ. ಇಂಥ ಗಾಯಕ್ಕೆ ಕಾರ್ಡ್ ಇಲ್ದಿದ್ರೂ ನೋಡ್ತಾರೆ. ಹೆಸರು, ಹುಟ್ಟಿದ ತಾರೀಖು ಹೇಳಿದ್ರೆ ಸಾಕು. ಅವತ್ತೇ ಯಾಕೆ ಬರ್ಲಿಲ್ಲ?"

ಚಿಕ್ಕಮ್ಮ ಫೋನು ಕೆಳಗಿಟ್ಟು ಹಣೆಯನ್ನು ಕೌಂಟರಿನ ಅಂಚಿಗೆ ಚಚ್ಚಿಕೊಂಡಳು. ರಕ್ತ ಮೂಗಿಗಿಳಿಯುವವರೆಗೂ ಚಚ್ಚಿಕೊಂಡಳು. ಕಾವಲಿನವರಿಬ್ಬರು ಹಿಡಿದು ಕೂರಿಸಬೇಕಾಯಿತು. ಒಳಗೆ ಓರಗಿತ್ತಿಯ ಎರಡು ಬೆರಳು ತೆಗೆದರು. ಕೈ ಉಳಿಯಿತು.

ಪೊಲೀಸರು ಅಲ್ಲಿಗೇ ಬಂದರು. ಭಾವನ ಕಳ್ಳತನ ಬಯಲಾಗಲು ಹೆಚ್ಚು ದಿನ ಹಿಡಿಯಲಿಲ್ಲ. ಎಲ್ಲರ ಖಾತೆಯ ವಿವರ ಬ್ಯಾಂಕಿನಲ್ಲೇ ಇತ್ತು. ಆದರೆ ಮೂಳೆ ಮುರಿದದ್ದಕ್ಕೂ ಮೊಕದ್ದಮೆಯಾಯಿತು. ಸರ್ಕಾರ ಕೊಟ್ಟ ವಕೀಲ ಹೇಳಿಕೊಟ್ಟದ್ದು ಇಷ್ಟೇ: "ಪ್ರಾಣಭಯದಿಂದ ಹೊಡೆದೆ ಅಂತ ಹೇಳಿ. ಬಿಡುಗಡೆ ಆಗುತ್ತೆ."

ನ್ಯಾಯಾಧೀಶೆಯ ಮುಂದೆ ಚಿಕ್ಕಮ್ಮ ಅಂದಳು, "ಮೊದಲನೇದು ಹಾಗೇ ಹೊಡೆದೆ. ಎರಡನೇದು ಬೇಕು ಅಂತ್ಲೇ ಹೊಡೆದೆ. ಅವನು ಬಿದ್ದಿದ್ದ. ನಂಗೆ ಗೊತ್ತಿತ್ತು."

ವಕೀಲ ಹಣೆಗೆ ಕೈ ಹಚ್ಚಿ ಕೂತ. ಎರಡನೇ ಏಟಿಗೆ ಕೆಲವು ತಿಂಗಳ ಜೈಲು, ಮುಗಿದ ಮೇಲೆ ಗಡೀಪಾರು. ಭಾವನಿಗೆ ಅದರ ಹಲವು ಪಟ್ಟು. ಲಾಂಡ್ರಿಯ ಮಾಲೀಕ ಎಲ್ಲರ ಬಾಕಿ ಕಟ್ಟಬೇಕಾಯಿತು, ಓರಗಿತ್ತಿಯ ಬೆರಳುಗಳಿಗೆ ಪರಿಹಾರವನ್ನೂ.

ಜೈಲಿಗೆ ಉದ್ದಕ್ಕ ಒಮ್ಮೆ ನೋಡಲು ಬಂದಳು. ಮೇಜಿನಾಚೆ ತಲೆತಗ್ಗಿಸಿ ಕೂತು, "ಅಕ್ಕ, ಅವತ್ತು ಕಂಬಳಿ ಹಾಕಿದ್ದು ನಾನೇ," ಎಂದಳು. ಚಿಕ್ಕಮ್ಮ ಕೈ ಚಾಚಿ ಅವಳ ಕೆನ್ನೆಗೆ ಛಟೀರೆಂದು ಬಾರಿಸಿದಳು. ಕಾವಲಿನವಳು ಓಡಿಬಂದಳು. ಉದ್ದಕ್ಕನೇ ಅಡ್ಡ ನಿಂತು, "ಇಲ್ಲ ಇಲ್ಲ, ಇದು ನಮ್ಮ ಮನೆ ವಿಷಯ," ಎಂದು ಕೈಸನ್ನೆ ಮಾಡಿದಳು. ಕೆನ್ನೆ ಉಜ್ಜಿಕೊಳ್ಳುತ್ತಾ ನಕ್ಕಳು. ಆಮೇಲೆ ಇಬ್ಬರೂ ಅತ್ತರು.

ಗಡೀಪಾರಿನ ದಿನ ಹೆಂಗಸು ಪೊಲೀಸೊಬ್ಬಳು ಚಿಕ್ಕಮ್ಮನನ್ನು ದಾರಿಯಲ್ಲಿ ಬ್ಯಾಂಕಿಗೆ ಕರೆದೊಯ್ದಳು. ಖಾತೆಯ ಹಣವನ್ನು ಊರಿಗೆ ಕಳಿಸಲು ಯಾರ ಹೆಸರು ಬರೆಯಲಿ, ಗಂಡನದೇ, ಅಣ್ಣತಮ್ಮಂದಿರದೇ ಎಂದು ಗುಮಾಸ್ತ ಫೋನಿನಲ್ಲಿ ನಮ್ಮ ಭಾಷೆಯವರಿಂದ ಕೇಳಿಸಿದ. ಚಿಕ್ಕಮ್ಮ ಎದೆಗೆ ಕೈಯಿಟ್ಟು ತನ್ನ ಹೆಸರು ಹೇಳಿದಳು. ಭಾವ ಇಟ್ಟಿದ್ದ ಗುಪ್ತಸಂಖ್ಯೆ ಬದಲಿಸಿ ಹೊಸದನ್ನು ಒತ್ತುವಾಗ ಒಮ್ಮೆ ತಪ್ಪಾಯಿತು; ಮತ್ತೆ ಮೊದಲಿಂದ ಒತ್ತಿದಳು. ಪೊಲೀಸಿನವಳು ಬೆನ್ನು ತಿರುಗಿಸಿ ನಿಂತು ಕಾದಳು.

ಓರಗಿತ್ತಿ ಊರಿಗೆ ಬರಲಿಲ್ಲ. ಉಳಿದ ಬೆರಳುಗಳಲ್ಲೇ ಇನ್ನೊಂದು ಲಾಂಡ್ರಿಯಲ್ಲಿ ಬಟ್ಟೆ ಮಡಿಸುತ್ತಾಳೆ, ಹೊಸಬರು ಬಂದರೆ ಅವರನ್ನು ತಾನೇ ಬ್ಯಾಂಕಿಗೂ ಆಸ್ಪತ್ರೆಗೂ ಕರೆದೊಯ್ಯುತ್ತಾಳಂತೆ. ಚಿಕ್ಕಮ್ಮ ಹಳೆಯ ಹೋಟೆಲಿಗೇ ಮರಳಿದ್ದಾಳೆ. ಎಡಗೈ ಹೆಗಲಿಗಿಂತ ಮೇಲೇಳುವುದಿಲ್ಲ. ಮೊನ್ನೆ ಅವಳ ತಲೆ ಬಾಚುತ್ತಿದ್ದಾಗ ನಾನು ಕೇಳಿದೆ, "ಎರಡನೇ ಏಟು ಹೊಡೀದೇ ಇದ್ದಿದ್ರೆ ಇನ್ನೂ ಅಲ್ಲೇ ದುಡೀತಿದ್ದೆ ಅಲ್ವಾ ಚಿಕ್ಕಮ್ಮ?"

"ಹೌದು," ಎಂದಳು. "ಕೂದಲು ಎಳೀಬೇಡ, ಮೆಲ್ಲಗೆ."