ಕೈಗೆ ಗೊತ್ತಿದ್ದ ಕಪಾಟು

ನವಿ ಮುಂಬಯಿಯ ತುರ್ಭೆಯ ಗೋದಾಮಿನ ಆಫೀಸಿನಲ್ಲಿ ನನಗೆ ಕೆಲಸ ಕಲಿಸಿದವರು ಉಡುಪಿ ಕಡೆಯ ಹಿರಿಯ ಗುಮಾಸ್ತೆ. ನಮಗೆಲ್ಲ ಅವರು ಅಕ್ಕ. ರಿಜಿಸ್ಟರುಗಳ ಕಬ್ಬಿಣದ ಕಪಾಟನ್ನು ಎಲ್ಲರೂ ಬಳಸುತ್ತಿದ್ದೆವು. ಅದರ ಬಾಗಿಲಿನ ಒಳಬದಿಗೆ ಸೂಪರ್‌ವೈಸರ್ ಬೆತ್ತಲೆ ಹೆಂಗಸರ ಚಿತ್ರಗಳನ್ನು ಅಂಟಿಸಿದ್ದ. ಅಕ್ಕ ಬಾಗಿಲು ತೆರೆದು, ಮುಖವನ್ನು ಕಿಟಕಿಯತ್ತ ತಿರುಗಿಸಿ, ಬೇಕಾದ ರಿಜಿಸ್ಟರನ್ನು ತಡವಿಯೇ ತೆಗೆಯುತ್ತಿದ್ದರು.

“ಮೇಲಿಂದ ಎರಡನೇದು ಚಲನ್, ಅದರ ಕೆಳಗೆ ಗೇಟ್‌ಪಾಸ್. ನೋಡ್ಲಿಕ್ಕೆ ಹೋಗ್ಬೇಡ ಮಾರಾಯ್ತಿ, ಕೈಗೆ ಗೊತ್ತಿದ್ರೆ ಸಾಕು” ಎಂದು ನನಗೂ ಕಲಿಸಿದರು.

ದೂರು ಕೊಡೋಣವೇ ಎಂದು ಒಮ್ಮೆ ಕೇಳಿದೆ.

“ಯಾರ ಹತ್ರ? ಕೈಗೆ ಗೊತ್ತಿದ್ರೆ ಸಾಕು.”

ದಸರೆಯ ಪೂಜೆಗೆ ಕಂಪ್ಯೂಟರು, ತೂಕದ ಯಂತ್ರ, ಬೀಗಗಳಿಗೆಲ್ಲ ಅಕ್ಕನೇ ಕುಂಕುಮ ಇಡುತ್ತಿದ್ದರು. ಆ ವರ್ಷ ಕಪಾಟಿಗೆ ಮಾತ್ರ ಇಡದೆ ಬಿಟ್ಟರು.

“ಅಕ್ಕಾ, ವೋ ರಹ್ ಗಯಾ” ಎಂದು ಮ್ಯಾನೇಜರ್ ಬಿಟ್ಟುಹೋಗಿದ್ದ ಕಪಾಟನ್ನು ತೋರಿಸಿದರು.

ಅಕ್ಕ ಕಪಾಟಿನ ಬಾಗಿಲನ್ನು ಪೂರ್ತಿ ತೆರೆದು, ನೀವೇ ಇಡಿ ಎಂದು ಕುಂಕುಮದ ತಟ್ಟೆಯನ್ನು ಅವರ ಮುಂದೆ ಹಿಡಿದರು. “ಆಪ್ ಲಗಾಯಿಯೇ, ಸಾಬ್.”

ಮ್ಯಾನೇಜರ್ ನಕ್ಕು ಬಾಗಿಲು ಮುಚ್ಚಿದರು. ಸೂಪರ್‌ವೈಸರನೂ ನಕ್ಕ. ಅಕ್ಕ ನನ್ನತ್ತ ನೋಡಿದರು. ನಾನು ನೆಲ ನೋಡುತ್ತಿದ್ದೆ.

ಮುಂದಿನ ದಸರೆಗೂ ಚಿತ್ರಗಳು ಅಲ್ಲೇ ಇದ್ದವು, ಅಕ್ಕ ಕೆಲಸ ಬಿಟ್ಟಿದ್ದರು. ತಟ್ಟೆ ನನ್ನ ಕೈಗೆ ಬಂತು. ಮುಚ್ಚಿದ ಕಪಾಟಿಗೂ ನಾನು ಕುಂಕುಮ ಇಟ್ಟೆ.